ಬೇಸಿಗೆಯ ರಜೆಯಲ್ಲಿ ನಮ್ಮ ಹೆಣ್ಣುಮಕ್ಕಳು ಯಾರ ಮಡಿಲಲ್ಲಿ?

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ನಮ್ಮ ನಾಡಿನ ಶಾಲೆಗಳು ಬಾಗಿಲು ಹಾಕಿದರೆ ಸಾಮಾನ್ಯವಾಗಿ ಮತ್ತೆ ತೆರೆಯುವುದು ಮೇ ಕೊನೆಗೆ ಅಥವಾ ಜೂನ್ ಆರಂಭಕ್ಕೆ. ಈ ಏಳು ವಾರಗಳು ಧರ್ಮಸಭೆಯ ಆರಾಧನಾ ವರ್ಷದಲ್ಲಿಯೂ ವಿಶೇಷವಾದ ದಿನಗಳು. ಪ್ರಭುವಿನ ಪುನರುತ್ಥಾನದ ಸಂತೋಷವನ್ನು ನಾವು ಕೊಂಡಾಡುವ ಕಾಲವಿದು. ಮೇ 1ರಂದು ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಸ್ಮರಣೆ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್ ಅವರು ಈ ಹಬ್ಬವನ್ನು ಸ್ಥಾಪಿಸಿದರು. ಮೇ ತಿಂಗಳಿಡೀ ಮಾತೆ ಮರಿಯಳಿಗೆ ಮೀಸಲು. ದುಡಿಮೆ, ತಾಯ್ತನ, ಹೊಸ ಜೀವ ಈ ಮೂರೂ ಒಂದೇ ಋತುವಿನಲ್ಲಿ ಕೂಡಿಬರುವುದನ್ನು ನಾವು ದೇವಾಲಯದಲ್ಲಿ ಹಾಡಿ ಹೊಗಳುತ್ತೇವೆ. ಆದರೆ ಈ ಮೂರನ್ನೂ ಒಬ್ಬಳೇ ಹೊತ್ತು ನಿಂತ ತಾಯಿಯೊಬ್ಬಳು ನಮ್ಮ ಪಕ್ಕದ ಪೀಠದಲ್ಲಿಯೇ ಮೊಣಕಾಲೂರಿರುತ್ತಾಳೆ ಎಂಬುದು ನಮ್ಮ ಗಮನಕ್ಕೆ ಬರುವುದು ಅಪರೂಪ.

ಹೆಣ್ಣುಮಗುವಿನ ಬಾಳಿನ ಮೈಲಿಗಲ್ಲುಗಳಲ್ಲಿ ಹಲವು ಬೇಸಿಗೆಯಲ್ಲಿಯೇ ಎದುರಾಗುತ್ತವೆ. ನಮ್ಮ ಬಹುತೇಕ ಧರ್ಮಕೇಂದ್ರಗಳಲ್ಲಿ ಪ್ರಥಮ ಪರಮಪ್ರಸಾದ ಸ್ವೀಕಾರ ನಡೆಯುವುದು ಈ ದಿನಗಳಲ್ಲಿ. ಸೈಕಲ್ ತುಳಿಯಲು ಕಲಿಯುವುದು, ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳುವುದು, ಮೊದಲ ಬಾರಿಗೆ ಒಲೆಯ ಮುಂದೆ ನಿಂತು ಚಹಾ ಕಾಯಿಸುವುದು ಎಲ್ಲವೂ ರಜೆಯ ಬಿಡುವಿನಲ್ಲಿ. ಹತ್ತನೆಯ ತರಗತಿಯ ಫಲಿತಾಂಶ ಬರುವುದೂ ಬೇಸಿಗೆಯಲ್ಲಿ. ಎಷ್ಟೋ ಮನೆಗಳಲ್ಲಿ ಮಗಳು ಮೈನೆರೆಯುವುದೂ ಶಾಲೆಯಿಲ್ಲದ ಇಂಥದೇ ಒಂದು ಮಧ್ಯಾಹ್ನ. ಇವೆಲ್ಲವೂ ತಾಯಿ ಹತ್ತಿರವಿರಲಿ ಎಂದು ಮಗು ಹಂಬಲಿಸುವ ಗಳಿಗೆಗಳು. ಆ ಗಳಿಗೆಯಲ್ಲಿ ತಾಯಿ ಎಲ್ಲಿರುತ್ತಾಳೆ? ಬೆಂಗಳೂರಿನ ಹೊರವಲಯದ ಧರ್ಮಕೇಂದ್ರಗಳು ಈ ಪ್ರಶ್ನೆಯನ್ನು ಈಗಲಾದರೂ ನೇರವಾಗಿ ಎದುರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಈ ಹೊರವಲಯದ ಚರಿತ್ರೆಯನ್ನು ಒಮ್ಮೆ ನೆನೆಯೋಣ. ವೈಟ್‌ಫೀಲ್ಡ್ 1882ರಲ್ಲಿ ಮೈಸೂರು ಮಹಾರಾಜರು ನೀಡಿದ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಹುಟ್ಟಿದ ಊರು. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡದ್ದು 1970ರ ದಶಕದ ಕೊನೆಯಲ್ಲಿ. ಪೀಣ್ಯ ಅದೇ ದಶಕದಲ್ಲಿ ಸಣ್ಣ ಕೈಗಾರಿಕೆಗಳ ಬೃಹತ್ ಕೇಂದ್ರವಾಯಿತು. ಇಂದು ಈ ಮೂರು ನೆಲೆಗಳಿಗೂ ಮೆಟ್ರೋ ರೈಲು ಬಂದಿದೆ: ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ. ಹಾರೋಬೆಲೆಯಿಂದ, ಹಾಸನ ಚಿಕ್ಕಮಗಳೂರುಗಳಿಂದ, ಮೈಸೂರು ಸೀಮೆಯಿಂದ, ಕರಾವಳಿಯಿಂದ, ನೆರೆಯ ತಮಿಳುನಾಡು ಕೇರಳಗಳಿಂದ ಬಂದ ಕಥೋಲಿಕ ಕುಟುಂಬಗಳು ಇಲ್ಲಿ ನೆಲೆಸಿವೆ. ಭಾನುವಾರದ ಬಲಿಪೂಜೆಯಲ್ಲಿ ದೇವಾಲಯಗಳು ತುಂಬಿ ತುಳುಕುತ್ತವೆ. ಹೊಸ ಊರು, ಹೊಸ ದುಡಿಮೆ, ಹೊಸ ದೇವಾಲಯ ಎಲ್ಲವೂ ದೊರೆತವು. ದೊರೆಯದೆ ಹೋದದ್ದು ಒಂದೇ: ಮಗುವನ್ನು ನೆಚ್ಚಿ ಬಿಟ್ಟುಹೋಗಬಹುದಾದ ನೆರೆಮನೆ.

ಈ ಪ್ರದೇಶಗಳ ತಾಯಂದಿರ ಬೇಸಿಗೆಯ ದಿನಚರಿಯನ್ನು ನಾವೆಲ್ಲ ಬಲ್ಲೆವು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವವಳು ನಸುಕಿನಲ್ಲೆದ್ದು ಎರಡು ಹೊತ್ತಿನ ಅಡುಗೆ ಮುಗಿಸಿ, ನೀರು ಹಿಡಿದಿಟ್ಟು, ನಿದ್ದೆಯಲ್ಲಿರುವ ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಹೊರಡುತ್ತಾಳೆ. ಹೊಲಿಗೆ ಯಂತ್ರದ ಮುಂದೆ ಕುಳಿತ ಮೇಲೆ ಗಂಟೆಗೆ ಇಷ್ಟು ಎಂಬ ಟಾರ್ಗೆಟ್ಟೇ ಅವಳ ಗಡಿಯಾರ. ಕಂಪ್ಯೂಟರಿನ ಮುಂದೆ ಕೂರುವ ತಾಯಿಯ ಸಂಬಳ ಹೆಚ್ಚಿರಬಹುದು. ಆದರೆ ಹೊರದೇಶದವರ ಹಗಲಿಗೆ ತನ್ನ ರಾತ್ರಿಯನ್ನು ಹೊಂದಿಸಿಕೊಂಡವಳಿಗೆ ಮಕ್ಕಳ ಸಂಜೆ ದೊರೆಯುವುದಿಲ್ಲ. ಎತ್ತರದ ವಸತಿ ಸಮುಚ್ಚಯಗಳಲ್ಲಿ ಮನೆಗೆಲಸ ಮಾಡುವ ತಾಯಿ ಇನ್ನೊಬ್ಬರ ಮಕ್ಕಳಿಗೆ ಊಟ ಬಡಿಸುತ್ತಿರುವಾಗ ಅವಳ ಮಕ್ಕಳು ಬೀಗ ಹಾಕಿದ ಒಂದೇ ಕೋಣೆಯ ಮನೆಯಲ್ಲಿ ಮುಚ್ಚಿಟ್ಟ ತಟ್ಟೆಯನ್ನು ತಾವೇ ತೆರೆದು ಉಣ್ಣುತ್ತಿರುತ್ತಾರೆ. ಶಾಲೆಯ ದಿನಗಳಲ್ಲಿ ಶಾಲೆಯೇ ಕಾವಲು. ರಜೆ ಬಂದೊಡನೆ ಆ ಕಾವಲು ತಪ್ಪುತ್ತದೆ. ಮಕ್ಕಳ ಪಾಲಿಗೆ ಬಿಡುಗಡೆಯೆನಿಸುವ ದಿನಗಳು ತಾಯಿಯ ಪಾಲಿಗೆ ಆತಂಕದ ದಿನಗಳಾಗುತ್ತವೆ.

ದೇಶದ ಕಾನೂನು ಈ ತಾಯಿಯನ್ನು ಪೂರ್ತಿಯಾಗಿ ಮರೆತಿಲ್ಲ ಎಂಬುದನ್ನು ಹೇಳಲೇಬೇಕು. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ 6 ವರ್ಷದೊಳಗಿನ ಮಕ್ಕಳಿಗಾಗಿ ಶಿಶುಪಾಲನಾ ಕೋಣೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯನ್ನು 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರವನ್ನು ಒದಗಿಸಬೇಕೆಂದೂ, ತಾಯಿ ದಿನಕ್ಕೆ 4 ಬಾರಿ ಅಲ್ಲಿಗೆ ಹೋಗಿ ಬರಬಹುದೆಂದೂ ಹೇಳಿತು. ಆಚರಣೆ ಎಷ್ಟರಮಟ್ಟಿಗಿದೆ ಎಂಬುದು ಬೇರೆ ಮಾತು. ನಮ್ಮ ಗಮನ ಸೆಳೆಯುವುದು ಆ ಆರು ವರ್ಷದ ಗಡಿ. ಕಾನೂನು ಕಂಡ ಮಗು ತೊಟ್ಟಿಲ ಮಗು. ಏಳು ತುಂಬಿದ ಮಗಳು ಬೇಸಿಗೆಯ ಹಗಲಿನಲ್ಲಿ ಎಲ್ಲಿರಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಈಗ ಧರ್ಮಸಭೆಯ ಕಡೆಗೆ ತಿರುಗೋಣ. ಒಂದು ಕಾಲದಲ್ಲಿ ಮಕ್ಕಳು ಹತ್ತು, ಹನ್ನೆರಡು ವರ್ಷ ದಾಟುವವರೆಗೆ ಪರಮಪ್ರಸಾದಕ್ಕಾಗಿ ಕಾಯಬೇಕಿತ್ತು. 1910ರ ಆಗಸ್ಟ್ 8ರಂದು ಜಗದ್ಗುರು ಸಂತ ಹತ್ತನೇ ಪಯಸ್ ಅವರ ಕಾಲದ ಆಜ್ಞೆಯು ಆ ತಡೆಯನ್ನು ತೆಗೆದುಹಾಕಿತು. ಒಳಿತು ಕೆಡುಕುಗಳನ್ನು ವಿವೇಚಿಸುವ ವಯಸ್ಸು, ಅಂದರೆ ಸುಮಾರು ಏಳನೆಯ ವರ್ಷ, ಪ್ರಭುವಿನ ಮೇಜಿಗೆ ಬರಲು ಸಾಕು ಎಂದು ಅದು ಸಾರಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 914ನೆಯ ವಿಧಿಯು ಮಗುವನ್ನು ಸಿದ್ಧಪಡಿಸುವ ಹೊಣೆಯನ್ನು ಮೊಟ್ಟಮೊದಲು ತಂದೆತಾಯಿಗಳ ಮೇಲೂ, ಅವರ ಸ್ಥಾನದಲ್ಲಿರುವವರ ಮೇಲೂ, ಜೊತೆಗೆ ಧರ್ಮಕೇಂದ್ರದ ಗುರುಗಳ ಮೇಲೂ ಇರಿಸಿದೆ. ಅಂತೂ ಕಾನೂನಿನ ಆಸರೆ ಮುಗಿಯುವ ವಯಸ್ಸಿನಲ್ಲಿಯೇ ಧರ್ಮಸಭೆ ಮಗುವನ್ನು ಕೈಬೀಸಿ ಕರೆಯುತ್ತದೆ. ‘ನಿನಗೆ ಈಗ ತಿಳುವಳಿಕೆ ಬಂದಿದೆ’ ಎಂದು ಪ್ರೀತಿಯಿಂದ ಹೇಳಿ ಮೇಜಿನ ಬಳಿ ಕೂರಿಸಿಕೊಳ್ಳುತ್ತದೆ. ಆದರೆ ಅದೇ ಮಾತನ್ನು ಹೇಳಿಯೇ ನಾವು ಅವಳನ್ನು ಬೇಸಿಗೆಯ ಹಗಲಿನಲ್ಲಿ ಒಂಟಿಯಾಗಿ ಬಿಟ್ಟುಬಿಡುತ್ತೇವೆ. ಏಳರಿಂದ ಹನ್ನೆರಡರವರೆಗಿನ ಈ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಯಾರ ಮಡಿಲಿಗೂ ಸೇರದವರು. ಅವರನ್ನು ಸಾಮೂಹಿಕವಾಗಿ ಮಡಿಲಿಗೆ ತೆಗೆದುಕೊಳ್ಳುವ ಹೊಣೆ ಧರ್ಮಕೇಂದ್ರದ್ದು ಎಂಬುದೇ ಈ ಲೇಖನದ ವಾದ.

ಹಿಂದೆ ಈ ಪ್ರಶ್ನೆಗೆ ಅಜ್ಜಿಯ ಮನೆಯೇ ಉತ್ತರವಾಗಿತ್ತು. ರಜೆ ಬಿಟ್ಟೊಡನೆ ಮಕ್ಕಳು ಬಸ್ಸು ಹತ್ತುತ್ತಿದ್ದರು. ಅಂಗಳದಲ್ಲಿ ಸಂಡಿಗೆ ಹಪ್ಪಳಗಳಿಗೆ ಕಾವಲು, ಮಾವಿನಕಾಯಿಗೆ ಉಪ್ಪು ಖಾರ, ಚೌಕಾಬಾರ, ಕುಂಟೆಬಿಲ್ಲೆ, ಸಂಜೆಯಾದರೆ ಅಜ್ಜಿಯ ಪಕ್ಕದಲ್ಲಿ ಜಪಸರ. ಪರಲೋಕಮಂತ್ರವನ್ನೂ ನಮೋ ಮರಿಯವನ್ನೂ ಎಷ್ಟೋ ಮಕ್ಕಳು ಕನ್ನಡದಲ್ಲಿ ಕಲಿತದ್ದು ಆ ಜಗಲಿಯ ಮೇಲೆ. ಜೂನ್ 13ರ ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬದ ಹೊತ್ತಿಗೆ ಹರಕೆಯ ನೆಪದಲ್ಲಿ ಕುಟುಂಬಗಳು ಒಂದೆಡೆ ಸೇರುತ್ತಿದ್ದುದೂ ಉಂಟು. ಇಂದಿಗೂ ಅಜ್ಜಿಯ ಮನೆಗೆ ಹೋಗುವ ಭಾಗ್ಯವಂತ ಮಕ್ಕಳಿದ್ದಾರೆ. ಆದರೆ ಹಲವರ ಅಜ್ಜಿಯರು ಈಗ ಊರಿನಲ್ಲಿಲ್ಲ; ಇನ್ನೊಬ್ಬ ಮಗನ ಮನೆಯಲ್ಲಿ ಇನ್ನೊಬ್ಬ ಮೊಮ್ಮಗುವನ್ನು ಆಡಿಸುತ್ತಿದ್ದಾರೆ, ಇಲ್ಲವೇ ತಾವೂ ಕೂಲಿಗೆ ಹೋಗುತ್ತಿದ್ದಾರೆ, ಇಲ್ಲವೇ ವಯಸ್ಸಾಗಿ ತಾವೇ ಆರೈಕೆಯ ಅಗತ್ಯದಲ್ಲಿದ್ದಾರೆ.

ಪವಿತ್ರ ಕುಟುಂಬದ ಬದುಕಿನ ಒಂದು ಪ್ರಸಂಗವನ್ನು ಇಲ್ಲಿ ನೆನೆಯುವುದು ಉಚಿತ. ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಉಳಿದುಬಿಟ್ಟ ಸಂಗತಿಯನ್ನು ಸಂತ ಲೂಕರು ತಮ್ಮ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ವಿವರಿಸುತ್ತಾರೆ. ಮಗು ಜೊತೆಯಲ್ಲಿಲ್ಲ ಎಂಬುದು ಒಂದು ದಿನದ ದಾರಿ ನಡೆಯುವವರೆಗೆ ಮರಿಯ ಜೋಸೆಫರಿಗೆ ತಿಳಿಯಲಿಲ್ಲ. ಅದು ಅವರ ಅಲಕ್ಷ್ಯವಲ್ಲ. ಬಂಧುಬಳಗದವರ ಗುಂಪಿನಲ್ಲಿ ಎಲ್ಲೋ ಇರುತ್ತಾನೆ ಎಂಬ ನಂಬಿಕೆ. ಆ ಕಾಲದಲ್ಲಿ ಮಗುವೆಂದರೆ ಇಡೀ ಯಾತ್ರೆಯ ಗುಂಪಿನ ಮಗು. ಹೀಗೆ ನಂಬಿ ನಡೆಯಬಹುದಾದ ಒಂದು ಗುಂಪು ಇಂದು ಪೀಣ್ಯದ ಅಥವಾ ಬೊಮ್ಮಸಂದ್ರದ ತಾಯಿಗೆ ಎಲ್ಲಿದೆ? ಬಾಡಿಗೆ ಮನೆಗಳ ಸಾಲಿನಲ್ಲಿ ಪಕ್ಕದವರ ಹೆಸರೂ ತಿಳಿಯದು. ಅವಳಿಗೆ ಉಳಿದಿರುವ ಯಾತ್ರೆಯ ಗುಂಪು ಧರ್ಮಕೇಂದ್ರ ಒಂದೇ.

ಅಜ್ಜಿಯೂ ಇಲ್ಲ, ನೆರೆಯೂ ಇಲ್ಲ ಎಂದಾಗ ಆ ಭಾರ ಬೀಳುವುದು ಹಿರಿಯ ಮಗಳ ಮೇಲೆ. ಒಂಬತ್ತೋ ಹತ್ತೋ ವರ್ಷದ ಅಕ್ಕ ಐದು ವರ್ಷದ ತಂಗಿಗೆ ಊಟ ಮಾಡಿಸಿ, ಪಾತ್ರೆ ತೊಳೆದು, ನಲ್ಲಿಯಲ್ಲಿ ನೀರು ಬಂದಾಗ ಬಿಂದಿಗೆ ತುಂಬಿಸಿ, ಅಮ್ಮ ಬರುವ ಹೊತ್ತಿಗೆ ಅಕ್ಕಿ ತೊಳೆದಿಡುತ್ತಾಳೆ. ಬಂದವರೆಲ್ಲ ‘ನಮ್ಮ ಹುಡುಗಿ ಎಷ್ಟು ಜಾಣೆ’ ಎಂದು ಹೊಗಳುತ್ತಾರೆ. ಮನೆಗೆಲಸ ಕಲಿಯುವುದು ತಪ್ಪಲ್ಲ, ತಂಗಿಯನ್ನು ಪ್ರೀತಿಸುವುದಂತೂ ಪುಣ್ಯ. ಆದರೆ ಅದೇ ಮನೆಯ ಅದೇ ವಯಸ್ಸಿನ ಹುಡುಗ ಬ್ಯಾಟು ಹಿಡಿದು ಬಯಲಿಗೆ ಹೋದಾಗ ಯಾರೂ ತಡೆಯುವುದಿಲ್ಲ. ಬೇಸಿಗೆ ರಜೆ ಮಗನಿಗೆ ಆಟವೂ ಮಗಳಿಗೆ ಚಾಕರಿಯೂ ಆಗುವುದಾದರೆ ನಾವು ಅವಳ ಬಾಲ್ಯದಿಂದ ಸಾಲ ತೆಗೆದು ಸಂಸಾರ ನಡೆಸುತ್ತಿದ್ದೇವೆ ಎಂದೇ ಅರ್ಥ. ಈ ಸಾಲವನ್ನು ತೀರಿಸುವವರು ಯಾರು?

ದುಡಿಯುವ ತಾಯಿಯ ಕಷ್ಟ ಧರ್ಮಸಭೆಯ ಸಂತರಿಗೆ ಹೊಸದಲ್ಲ. ಚಿಕ್ಕ ಪುಷ್ಪವೆಂದು ನಾವು ಪ್ರೀತಿಯಿಂದ ಕರೆಯುವ ಬಾಲಯೇಸುವಿನ ಸಂತ ತೆರೇಸಮ್ಮನವರ ತಾಯಿ ಝೆಲಿ ಮಾರ್ಟಿನ್ ಅವರು ಫ್ರಾನ್ಸ್ ದೇಶದ ಅಲೆನ್ಸಾನ್ ಪಟ್ಟಣದಲ್ಲಿ ಸೂಜಿಯಿಂದ ಹೆಣೆಯುವ ಲೇಸಿನ ಉದ್ಯಮ ನಡೆಸುತ್ತಿದ್ದರು. ಅವರ ಒಂಬತ್ತು ಮಕ್ಕಳಲ್ಲಿ ಬದುಕಿ ಉಳಿದವರು ಐವರು, ಐವರೂ ಹೆಣ್ಣುಮಕ್ಕಳು. ಇಂದಿನ ಗಾರ್ಮೆಂಟ್ಸ್ ತಾಯಂದಿರಂತೆ ಅವರ ಬದುಕೂ ನೂಲು, ಗಡುವು, ಗಿರಾಕಿಗಳ ಒತ್ತಡದ ನಡುವೆಯೇ ಸಾಗಿತು. 1873ರಲ್ಲಿ ತೆರೇಸಾ ಹುಟ್ಟಿದಾಗ ಅನಾರೋಗ್ಯದಿಂದ ಎದೆಹಾಲು ಕೊಡಲಾಗದೆ ಸೆಮಾಲೆ ಎಂಬ ಹಳ್ಳಿಯ ದಾದಿಯೊಬ್ಬಳ ಮನೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮಗುವನ್ನು ಕಳುಹಿಸಬೇಕಾಯಿತು. ಇನ್ನೂ ನೋವಿನ ಸಂಗತಿಯೆಂದರೆ ಮೂರನೆಯ ಮಗಳು ಲಿಯೋನಿಯನ್ನು ಮನೆಯ ಕೆಲಸದಾಕೆ ಬಹುಕಾಲದಿಂದ ಬೆದರಿಸಿ ಹಿಂಸಿಸುತ್ತಿದ್ದಳು. ಒಂದೇ ಸೂರಿನಡಿಯಲ್ಲಿದ್ದೂ ತಾಯಿಗೆ ಅದು ಗೊತ್ತಾದದ್ದು 1877ರಲ್ಲಿ, ಅವರ ಮರಣಕ್ಕೆ ಕೆಲವೇ ತಿಂಗಳುಗಳ ಮುಂಚೆ. ಗೊತ್ತುಮಾಡಿದವಳು ಹಿರಿಯ ಮಗಳು. ಅದೇ ವರ್ಷ ಆಗಸ್ಟ್ 28ರಂದು, 45ರ ವಯಸ್ಸಿನಲ್ಲಿ, ಸ್ತನದ ಕ್ಯಾನ್ಸರಿನಿಂದ ಝೆಲಿಯವರು ನಿಧನರಾದಾಗ ತೆರೇಸಾಗೆ ನಾಲ್ಕು ವರ್ಷ.

ಸಂತಳಾದ ತಾಯಿಯ ಕಣ್ಣಿಗೂ ಮಗಳ ದುಃಖ ಬೀಳದೆ ಹೋಗಬಹುದಾದರೆ, ದಿನಕ್ಕೆ ಹನ್ನೆರಡು ಗಂಟೆ ಮನೆಯಿಂದ ಹೊರಗಿರುವ ತಾಯಿಯನ್ನು ದೂಷಿಸುವ ಅಧಿಕಾರ ಯಾರಿಗಿದೆ? ತಾಯಿಯ ಪ್ರೀತಿಯೊಂದೇ ಕಾವಲಿಗೆ ಸಾಲದು. ಕಾಣುವ ಕಣ್ಣುಗಳು ಹಲವಾರು ಬೇಕು ಎಂಬುದು ಈ ಪ್ರಸಂಗದಿಂದ ನಾವು ಕಲಿಯಬೇಕಾದ ಪಾಠ. ಇನ್ನೊಂದು ಪಾಠ ತಂದೆಯರಿಗೆ. ಪತಿ ಲೂಯಿ ಮಾರ್ಟಿನ್ ಅವರು ಗಡಿಯಾರದ ಕಸುಬಿನವರು. 1870ರಲ್ಲಿ ತಮ್ಮ ಅಂಗಡಿಯನ್ನು ಮಾರಿ ಪತ್ನಿಯ ಲೇಸಿನ ಉದ್ಯಮಕ್ಕೆ ಹೆಗಲು ಕೊಟ್ಟರು. ಹೆಂಡತಿಯ ದುಡಿಮೆಯನ್ನು ತನ್ನ ದುಡಿಮೆಯೆಂದು ಸ್ವೀಕರಿಸಿದ ಈ ಗಂಡನನ್ನೂ ಆ ಹೆಂಡತಿಯನ್ನೂ 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್ ಅವರು ಒಟ್ಟಿಗೇ ಸಂತ ಪದವಿಗೇರಿಸಿದರು. ದಂಪತಿಗಳನ್ನು ಜೊತೆಯಾಗಿ ಹೀಗೆ ಗೌರವಿಸಿದ್ದು ಅದೇ ಮೊದಲು. ಸಂಜೆ ಮನೆಗೆ ಬಂದು ಮೊಬೈಲ್ ಹಿಡಿದು ಕೂರುವ ನಮ್ಮ ತಂದೆಯರು ಇವರ ಚಿತ್ರವನ್ನು ಗೋಡೆಗೆ ತೂಗುಹಾಕಿದರೆ ತಪ್ಪಾಗಲಾರದು.

ಪ್ರಥಮ ಪರಮಪ್ರಸಾದದ ಆಚರಣೆಯ ವಿಷಯಕ್ಕೆ ಬರೋಣ. 1994ರ ಡಿಸೆಂಬರ್‌ನಲ್ಲಿ, ಕುಟುಂಬ ವರ್ಷದ ಅಂಗವಾಗಿ, ಜಗದ್ಗುರು ಸಂತ ಎರಡನೇ ಜಾನ್ ಪೌಲರು ಲೋಕದ ಮಕ್ಕಳಿಗೆ ಬರೆದ ಪತ್ರದಲ್ಲಿ ಪ್ರಥಮ ಪರಮಪ್ರಸಾದವನ್ನು ಪ್ರಭುವಿನೊಡನೆ ಆಗುವ ಮರೆಯಲಾಗದ ಭೇಟಿಯೆಂದು ಬಣ್ಣಿಸಿದರು. ನಮ್ಮ ಬಡಾವಣೆಗಳಲ್ಲಿ ಇಂದು ಆ ಭೇಟಿಯ ಸುತ್ತ ಏನೇನು ಸೇರಿಕೊಂಡಿದೆ ಎಂಬುದನ್ನು ನೋಡಿದರೆ ಮನಸ್ಸು ನೋಯುತ್ತದೆ. ಒಂದೇ ದಿನ ತೊಡುವ ಬಿಳಿಯ ನಿಲುವಂಗಿಗೆ ಸಾವಿರಾರು ರೂಪಾಯಿ, ಬಾಡಿಗೆ ಸಭಾಂಗಣ, ಕೇಕು, ಬಿರಿಯಾನಿ, ವಿಡಿಯೋ, ಧ್ವನಿವರ್ಧಕ. ಪಕ್ಕದ ಮನೆಯವರು ಮಾಡಿದರು, ನಾವು ಮಾಡದಿದ್ದರೆ ಮಗಳು ಅಳುತ್ತಾಳೆ ಎಂಬ ಅಂಜಿಕೆ. ಖರ್ಚಿಗೆ ಚೀಟಿ ಹಣ, ಸಾಲದಿದ್ದರೆ ಕೈಸಾಲ. ಆ ಸಾಲ ತೀರಿಸಲು ತಾಯಿ ಹೆಚ್ಚುವರಿ ಅವಧಿ ದುಡಿಯುತ್ತಾಳೆ. ಮಗಳ ಪಕ್ಕದಲ್ಲಿ ಕುಳಿತು ಪಾಪನಿವೇದನೆಗೆ ಸಿದ್ಧಪಡಿಸಬೇಕಾದ ಸಂಜೆಗಳು ಹೀಗೆ ಬಿರಿಯಾನಿಯ ಲೆಕ್ಕಕ್ಕೆ ಸಂದಾಯವಾಗುತ್ತವೆ.

ದುಡಿಯುವ ತಾಯಿಯ ಕೈಯಲ್ಲಿ ಹಣ ಎಷ್ಟು ಬಿಗಿಯಾಗಿರುತ್ತದೆ ಎಂಬುದಕ್ಕೆ 2016ರ ಬೇಸಿಗೆಯೇ ಸಾಕ್ಷಿ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ ತಂದಾಗ, ಆ ವರ್ಷದ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಹಸ್ರಾರು ಕಾರ್ಮಿಕರು, ಅವರಲ್ಲಿ ಬಹುಪಾಲು ಮಹಿಳೆಯರು, ಹೊಸೂರು ರಸ್ತೆಯಿಂದ ತುಮಕೂರು ರಸ್ತೆಯವರೆಗೆ ಬೀದಿಗಿಳಿದರು. ಪ್ರತಿಭಟನೆ ಕೆಲವೆಡೆ ಹಿಂಸೆಗೂ ತಿರುಗಿದ್ದು ವಿಷಾದನೀಯ. ಸರ್ಕಾರ 19ರಂದೇ ನಿಯಮವನ್ನು ಹಿಂತೆಗೆದುಕೊಂಡಿತು. ಮಕ್ಕಳ ಶಾಲಾಶುಲ್ಕಕ್ಕೆ, ಕಾಯಿಲೆಗೆ, ಮಗಳ ಮದುವೆಗೆ ಕೈಗೆಟುಕಬಹುದಾದ ಒಂದೇ ಗಂಟು ಅದು ಎಂಬುದನ್ನು ಆ ಎರಡು ದಿನಗಳು ನಾಡಿಗೆ ತಿಳಿಸಿದವು. ಅಂಥ ಗಂಟನ್ನು ಒಂದು ದಿನದ ಆಡಂಬರಕ್ಕೆ ಬಿಚ್ಚಿಸುವ ಪದ್ಧತಿಯನ್ನು ನಾವು ಸಂಪ್ರದಾಯವೆಂದು ಕರೆಯಬಾರದು.

ಇನ್ನೊಂದು ಮೈಲಿಗಲ್ಲಿನ ಬಗ್ಗೆ ನಮ್ಮ ದೇವಾಲಯಗಳಲ್ಲಿ ಮಾತೇ ಇಲ್ಲ. ಹೆಣ್ಣುಮಗು ಮೈನೆರೆದಾಗ ಕೆಲವು ಮನೆಗಳಲ್ಲಿ ಆರತಿಯ ಅದ್ದೂರಿ, ಕೆಲವು ಮನೆಗಳಲ್ಲಿ ಪಿಸುಮಾತು. ಎರಡರಲ್ಲಿಯೂ ಮಗುವಿನ ಭಯವನ್ನು ಕೇಳುವವರಿಲ್ಲ. ತಾಯಿ ಕೆಲಸದಲ್ಲಿದ್ದಾಗ ಒಂಟಿಯಾಗಿ ಆ ಗಳಿಗೆಯನ್ನು ಎದುರಿಸಿ, ತನಗೇನೋ ಕಾಯಿಲೆ ಬಂದಿದೆಯೆಂದು ಅತ್ತ ಹುಡುಗಿಯರು ನಮ್ಮ ನಡುವೆಯೇ ಇದ್ದಾರೆ. ಯಾಯೀರನ ಮಗಳನ್ನು ಪ್ರಭು ಎಬ್ಬಿಸಿದ ಪ್ರಸಂಗದಲ್ಲಿ ಸಂತ ಮಾರ್ಕರು ಅವಳಿಗೆ ಹನ್ನೆರಡು ವರ್ಷವೆಂದು ತಿಳಿಸುತ್ತಾರೆ. ಗದ್ದಲ ಮಾಡುತ್ತಿದ್ದವರನ್ನೆಲ್ಲ ಪ್ರಭು ಹೊರಗೆ ಕಳುಹಿಸಿದರು. ತಂದೆ ತಾಯಿ ಇಬ್ಬರನ್ನೂ ಒಳಗೆ ಕರೆದುಕೊಂಡರು. ಹುಡುಗಿಯ ಕೈಹಿಡಿದು ಎಬ್ಬಿಸಿ, ಕೊನೆಯಲ್ಲಿ ಅವಳಿಗೆ ಊಟ ಕೊಡಲು ಹೇಳಿದರು. ಹನ್ನೆರಡರ ಹೊಸ್ತಿಲಲ್ಲಿರುವ ಮಗಳನ್ನು ಹೇಗೆ ನಡೆಸಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಮಾದರಿ ನಮಗೆ ಬೇಕೇ? ಗದ್ದಲ ಹೊರಗೆ, ಹೆತ್ತವರು ಒಳಗೆ, ಕೈಹಿಡಿಯುವ ಮಮತೆ, ಹೊಟ್ಟೆಗೆ ಅನ್ನ.

ಧರ್ಮಕೇಂದ್ರ ಶಿಶುವಿಹಾರವಲ್ಲ, ಗುರುಗಳಿಗೆ ಈಗಾಗಲೇ ಕೈತುಂಬ ಕೆಲಸವಿದೆ ಎಂದು ಕೆಲವರು ಆಕ್ಷೇಪಿಸಬಹುದು. ಮಕ್ಕಳು ಚಿಕ್ಕವರಿರುವಾಗ ತಾಯಿ ಮನೆಯಲ್ಲಿರುವುದೇ ಸರಿ ಎನ್ನುವ ಹಿರಿಯರೂ ಇದ್ದಾರೆ. ಅವರ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಆದರೆ ಒಬ್ಬರ ಸಂಬಳದಲ್ಲಿ ಬಾಡಿಗೆಯೂ ಶಾಲಾಶುಲ್ಕವೂ ನಡೆಯದ ಮನೆಗೆ ಈ ಉಪದೇಶ ಹೊಟ್ಟೆ ತುಂಬಿಸದು. ಎರಡನೇ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂಬ ಅರ್ಥದಲ್ಲಿ ಗೌರವಿಸಿತು. ಮನೆಯೇ ಧರ್ಮಸಭೆಯಾದರೆ, ಆ ಮನೆ ಹಗಲಿಡೀ ಬೀಗ ಹಾಕಿಕೊಂಡಿರುವಾಗ ಊರಿನ ಧರ್ಮಸಭೆ ಸುಮ್ಮನಿರಬಹುದೇ? ಭಾನುವಾರ ಕಳೆದ ಮೇಲೆ ನಮ್ಮ ಸಭಾಂಗಣಗಳು ಆರು ದಿನ ಬಹುಪಾಲು ಖಾಲಿ ಇರುತ್ತವೆ. ಫ್ಯಾನುಗಳಿವೆ, ನೀರಿದೆ, ಶೌಚಾಲಯವಿದೆ, ಕಾಂಪೌಂಡಿನ ಗೋಡೆಯಿದೆ. ಕೊರತೆಯಿರುವುದು ತೀರ್ಮಾನದ್ದು.

ಹಾಗಾದರೆ ಏನು ಮಾಡಬಹುದು? ಮೊದಲನೆಯದಾಗಿ, ಕೈಗಾರಿಕಾ ಪ್ರದೇಶದ ಪ್ರತಿಯೊಂದು ಧರ್ಮಕೇಂದ್ರವೂ ರಜೆಯ ಏಳು ವಾರ ತನ್ನ ಸಭಾಂಗಣವನ್ನು ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಬೆಳಗಿನಿಂದ ತಾಯಂದಿರು ಮರಳುವವರೆಗೆ ತೆರೆದಿಡಲಿ. ಈಗ ನಡೆಯುವ ಹತ್ತು ದಿನದ ಬೇಸಿಗೆ ಧರ್ಮೋಪದೇಶ ಶಿಬಿರ ಒಳ್ಳೆಯದು; ಆದರೆ ಮಧ್ಯಾಹ್ನಕ್ಕೆ ಮುಗಿಯುವ ಹತ್ತು ದಿನದ ಶಿಬಿರ ದುಡಿಯುವ ತಾಯಿಯ ಸಮಸ್ಯೆಯನ್ನು ನೀಗಿಸದು. ನಿವೃತ್ತ ಶಿಕ್ಷಕಿಯರು, ಮರಿಯ ಸೇನೆಯ ಸದಸ್ಯೆಯರು, ಕಾಲೇಜು ರಜೆಯಲ್ಲಿರುವ ಯುವಜನರು ಸರದಿಯ ಮೇಲೆ ಬಂದರೆ ಹೊಣೆ ಯಾರಿಗೂ ಭಾರವಾಗದು. ಮನೆಯಲ್ಲಿ ಒಂಟಿತನದಿಂದ ಬೇಯುತ್ತಿರುವ ಅಜ್ಜಿಯರನ್ನೂ ಕರೆಯಿರಿ. ಅವರಿಂದ ಮಕ್ಕಳು ಚೌಕಾಬಾರವನ್ನೂ ಕನ್ನಡದ ಜಪಸರವನ್ನೂ ಕಲಿಯಲಿ. ಮಕ್ಕಳ ಮಧ್ಯಾಹ್ನದ ಊಟವನ್ನು ಸಂತ ವಿನ್ಸೆಂಟ್ ಡಿ ಪಾಲ್ ಸಭೆಯವರೂ ಉಳ್ಳ ಕುಟುಂಬಗಳೂ ಹಂಚಿಕೊಳ್ಳಲಿ. ಅಲ್ಲಿ ಸಹಪಾಠಿಗಳಾದ ಇತರ ಧರ್ಮದ ಮಕ್ಕಳು ಬಂದರೆ ಅವರಿಗೂ ಬಾಗಿಲು ತೆರೆದಿರಲಿ.

ಎರಡನೆಯದಾಗಿ, ಮಕ್ಕಳ ಸುರಕ್ಷೆಯಲ್ಲಿ ಯಾವ ಸಡಿಲಿಕೆಯೂ ಸಲ್ಲದು. ಯಾವ ಹೊತ್ತಿನಲ್ಲಿಯೂ ಇಬ್ಬರು ಹಿರಿಯರಿರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಬರುವ ಹೋಗುವ ಮಕ್ಕಳ ಹಾಜರಿ ಪುಸ್ತಕವಿರಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ಕುರಿತ 2012ರ ಪೋಕ್ಸೊ ಕಾಯ್ದೆಯಂತೆ ಅಪರಾಧ ತಿಳಿದುಬಂದರೆ ವರದಿ ಮಾಡುವುದು ಕಡ್ಡಾಯ ಎಂಬುದನ್ನು ಹೊಣೆಹೊತ್ತ ಪ್ರತಿಯೊಬ್ಬರೂ ಅರಿತಿರಬೇಕು. ಯಾರ ಹೆಸರು ಕೆಡುತ್ತದೆ ಎಂಬ ಅಂಜಿಕೆಗಿಂತ ಮಗುವಿನ ಮಾತು ದೊಡ್ಡದು. ಲಿಯೋನಿಯ ಮೌನ ನಮ್ಮ ಅಂಗಳದಲ್ಲಿ ಮರುಕಳಿಸಬಾರದು.

ಮೂರನೆಯದಾಗಿ, ಪ್ರಥಮ ಪರಮಪ್ರಸಾದವನ್ನು ಧರ್ಮಕೇಂದ್ರದ ಸಾಮೂಹಿಕ ಹಬ್ಬವನ್ನಾಗಿ ಮಾಡೋಣ. ಬಿಳಿಯ ಉಡುಪುಗಳನ್ನು ದೇವಾಲಯವೇ ಹೊಲಿಸಿ ವರ್ಷದಿಂದ ವರ್ಷಕ್ಕೆ ಕಾಪಾಡಿಕೊಳ್ಳಲಿ. ಇಷ್ಟು ಜನ ಹೊಲಿಗೆ ಬಲ್ಲ ತಾಯಂದಿರಿರುವ ಧರ್ಮಕೇಂದ್ರಗಳಿಗೆ ಅದೇನು ಕಷ್ಟ? ಬಲಿಪೂಜೆಯ ನಂತರ ಎಲ್ಲ ಮಕ್ಕಳೂ ಎಲ್ಲ ಕುಟುಂಬಗಳೂ ಒಂದೇ ಪಂಕ್ತಿಯಲ್ಲಿ ಕುಳಿತು ಸರಳವಾದ ಊಟ ಮಾಡಲಿ. ಒಂದೇ ರೊಟ್ಟಿಯಲ್ಲಿ ಪಾಲುಗೊಂಡವರು ಬೇರೆ ಬೇರೆ ಸಭಾಂಗಣಗಳಲ್ಲಿ ಬೇರೆ ಬೇರೆ ಅಂತಸ್ತಿನ ಊಟ ಉಣ್ಣುವುದು ಆ ಸಂಸ್ಕಾರದ ಅರ್ಥಕ್ಕೇ ವಿರುದ್ಧ. ತಂದೆತಾಯಿಗಳ ಸಿದ್ಧತಾ ತರಗತಿಗಳನ್ನು ವಾರದ ನಡುವಿನ ಸಂಜೆಗಳಿಂದ ಭಾನುವಾರದ ಬಲಿಪೂಜೆಯ ನಂತರಕ್ಕೆ ಬದಲಾಯಿಸಲಿ. ಅಲ್ಲಿ ತಂದೆಯ ಹಾಜರಿಯೂ ಕಡ್ಡಾಯವಾಗಲಿ. ತಾಯಿ ಮಾತ್ರ ಬಂದು ಸಹಿ ಹಾಕಿ ಹೋಗುವ ಪರಿಪಾಠ ನಿಲ್ಲಲಿ.

ನಾಲ್ಕನೆಯದಾಗಿ, ನಮ್ಮ ಹೆಣ್ಣುಮಕ್ಕಳಿಗೆ ದೇವಾಲಯದಲ್ಲಿ ಸ್ಥಾನ ಕೊಡೋಣ. ಬಲಿಪೀಠದ ಸೇವೆಗೆ ಬಾಲಕಿಯರನ್ನು ನೇಮಿಸಿಕೊಳ್ಳಲು ಧರ್ಮಾಧ್ಯಕ್ಷರಿಗೆ ಅವಕಾಶವಿದೆಯೆಂದು 1994ರಲ್ಲಿಯೇ ವ್ಯಾಟಿಕನ್ ಸ್ಪಷ್ಟಪಡಿಸಿತು. 2021ರ ಜನವರಿಯಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ವಾಚಕ ಮತ್ತು ಪೀಠಸೇವಕ ಸೇವೆಗಳನ್ನು ಮಹಿಳೆಯರಿಗೂ ತೆರೆದರು. ಬೇಸಿಗೆಯ ವಾರದಿನಗಳ ಪೂಜೆಯಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ವಾಚನ ಓದಲು ಮೊದಲ ಬಾರಿಗೆ ಹೆಜ್ಜೆಯಿಟ್ಟರೆ ಅದೂ ಒಂದು ಮೈಲಿಗಲ್ಲೇ. ಅಕ್ಕಿ ತೊಳೆದಿಟ್ಟದ್ದಕ್ಕಷ್ಟೇ ಹೊಗಳಿಕೆ ಪಡೆದ ಮಗುವಿಗೆ ಅವಳ ಧ್ವನಿಯೂ ಬೇಕಾದದ್ದೆಂದು ಅಂದು ತಿಳಿಯುತ್ತದೆ. ಹಾಗೆಯೇ ಮೈನೆರೆಯುವ ವಯಸ್ಸಿನ ಹುಡುಗಿಯರಿಗೂ ಅವರ ತಾಯಂದಿರಿಗೂ ಕನ್ಯಾಸ್ತ್ರೀಯರು ಮತ್ತು ವೈದ್ಯೆಯರು ವರ್ಷಕ್ಕೊಮ್ಮೆಯಾದರೂ ಅಂಜಿಕೆಯಿಲ್ಲದೆ ವಿಷಯ ತಿಳಿಸುವ ಏರ್ಪಾಡು ಆಗಲಿ.

ಉದ್ಯೋಗದಾತರಲ್ಲಿಯೂ ನಮ್ಮ ಸಮುದಾಯದವರಿದ್ದಾರೆ. ಮಗಳ ಪ್ರಥಮ ಪರಮಪ್ರಸಾದಕ್ಕೆ ಅಥವಾ ಫಲಿತಾಂಶದ ದಿನಕ್ಕೆ ತಾಯಿ ರಜೆ ಕೇಳಿದಾಗ ಹುಬ್ಬು ಗ್ಂಟಿಕ್ಕದೆ ಕೊಡುವುದು ಅವರ ಕೈಯಲ್ಲಿದೆ. ತಮ್ಮ ಮನೆಯಲ್ಲಿ ಕೆಲಸ ಮಾಡುವ ತಾಯಿಗೆ ಮಕ್ಕಳ ರಜೆಯಲ್ಲಿ ಸಂಬಳ ಕಡಿಯದೆ ನಾಲ್ಕು ದಿನ ಬಿಡುವು ಕೊಡುವುದಕ್ಕೆ ಯಾವ ಕಾನೂನೂ ಬೇಕಿಲ್ಲ.

ಮೇ ತಿಂಗಳ ಕೊನೆಯ ದಿನವನ್ನು ಧರ್ಮಸಭೆ ಮಾತೆ ಮರಿಯಳು ಎಲಿಜಬೇತಳನ್ನು ಭೇಟಿಯಾದ ಹಬ್ಬವೆಂದು ಆಚರಿಸುತ್ತದೆ. ಆ ಭೇಟಿ ಒಂದು ದಿನದ ಔಪಚಾರಿಕ ಭೇಟಿಯಾಗಿರಲಿಲ್ಲ. ಬೆಟ್ಟದ ಸೀಮೆಗೆ ಅವಸರದಿಂದ ಹೋದ ಮರಿಯಳು ಸುಮಾರು ಮೂರು ತಿಂಗಳು ಅಲ್ಲಿಯೇ ಉಳಿದಳು. ಒಬ್ಬ ತಾಯಿಯ ಕಷ್ಟಕಾಲದಲ್ಲಿ ಇನ್ನೊಬ್ಬ ಹೆಣ್ಣು ಅವಳ ಮನೆಯಲ್ಲಿ ಜೊತೆಗಿದ್ದಳು. ನಮ್ಮ ಧರ್ಮಕೇಂದ್ರಗಳು ತೊಂಬತ್ತು ದಿನ ಇರುವುದು ಬೇಡ, ಏಳು ವಾರ ಇದ್ದರೆ ಸಾಕು. ಪಾಲನಾ ಪರಿಷತ್ತುಗಳು ಬರುವ ಬೇಸಿಗೆಯ ತಯಾರಿಯನ್ನು ತಪಸ್ಸುಕಾಲದ ಮೊದಲ ಸಭೆಯಲ್ಲಿಯೇ ಕಾರ್ಯಸೂಚಿಗೆ ಸೇರಿಸಿಕೊಳ್ಳಲಿ. ಸಭಾಂಗಣದ ಬೀಗದ ಕೈ ಯಾರ ಬಳಿ ಇದೆ ಎಂಬುದರಿಂದಲೇ ಚರ್ಚೆ ಆರಂಭವಾಗಲಿ.